ಇಳಿದವನ ತೊಡೆ

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಯವತ, ವರವಂಡ, ಪಾಟಸ ದಾಟಿದ ಮೇಲೆ ಕುರಕುಂಭ ಸಿಗುತ್ತದೆ. ಹಳಬರಿಗೆ ಅದು ಫಿರಂಗಾಯಿ ದೇವಿಯ ಊರು, ಈಗಿನವರಿಗೆ ರಾಸಾಯನಿಕ ಕಾರ್ಖಾನೆಗಳ ಕೈಗಾರಿಕಾ ವಸಾಹತು. ಇದೇ ರಸ್ತೆ ಸೊಲ್ಲಾಪುರ ಹಿಂದೆ ಹಾಕಿ ನಮ್ಮ ಹುಮನಾಬಾದನ್ನು ಹಾಯ್ದು ಹೈದರಾಬಾದಿಗೆ ಹೋಗುತ್ತದೆ. ಕಲಬುರಗಿಯಲ್ಲಿ ರಾತ್ರಿ ರೈಲು ಹತ್ತಿದವನು ಬೆಳಗಾಗುವುದರೊಳಗೆ ಹತ್ತಿರದ ದೌಂಡ ಜಂಕ್ಷನ್ನಿನಲ್ಲಿ ಇಳಿಯಬಹುದು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು ದುಡಿಯಲು ಪುಣೆಗೆ ಹೋಗುವುದು ಇಂದು ನಿನ್ನೆಯ ಮಾತಲ್ಲ.

ಹಾಗೆ ಹೋದ ಹುಡುಗನೊಬ್ಬನನ್ನು ನೆಪಕ್ಕೆ ಇಟ್ಟುಕೊಳ್ಳೋಣ. ಕುರಕುಂಭದಲ್ಲಿ ಗುತ್ತೇದಾರನ ಕೈಕೆಳಗೆ ಅವನಿಗೆ ಗೋದಾಮಿನ ಅಟ್ಟದಿಂದ ಚೀಲ ಇಳಿಸುವ ಕೆಲಸ. ಬರಿಗೈಲಿ ಏರುವುದು, ಹೆಗಲ ಮೇಲೆ ಚೀಲ ಹೊತ್ತು ಮೆಟ್ಟಿಲಿಳಿಯುವುದು. ಮೊದಲ ದಿನ ಸಂಜೆ ದಣಿದಿದ್ದ, ಅಷ್ಟೆ, ಉಂಡು ಮಲಗಿದ. ಎರಡನೆಯ ದಿನ ತೊಡೆ ಬಿಗಿದಂತಾಯಿತು. ಮೂರನೆಯ ದಿನ ಬೆಳಿಗ್ಗೆ ಖೋಲಿಯ ಮೆಟ್ಟಿಲನ್ನು ಗೋಡೆ ಹಿಡಿದು, ಹಿಮ್ಮುಖವಾಗಿ ಇಳಿಯುತ್ತಾನೆ. "ಮಾವಾ, ತೊಡಿ ಮುಟ್ಟಗೊಡವಲ್ಲವು. ಕುಂತ್ರ ಏಳಲಾಕ ಆಗಲಾಕತ್ತಿಲ್ಲ," ಅನ್ನುತ್ತಾನೆ. ಜೊತೆಗಿದ್ದ ಮಾವ ಅನುಭವಸ್ಥ: "ವಾಯು ಹೊಕ್ಕಾದ. ಎಣ್ಣಿ ಹಚ್ಚಿ ಜೋರಾಗಿ ತಿಕ್ಕಿಸ್ಕೋ. ಮೆಡಿಕಲ್‌ನಾಗ ಒಂದು ಗುಳಗಿ ಕೇಳು."

ಮಾವನ ಮಾತಿನಲ್ಲಿ ಮೂರು ಸಂಗತಿಗಳಿವೆ: ಕಾರಣ, ತಿಕ್ಕು, ಗುಳಗಿ. ಒಂದೊಂದನ್ನೂ ನಿಧಾನವಾಗಿ ನೋಡಬೇಕು. ಅದಕ್ಕೂ ಮೊದಲು ಹುಡುಗ ಹಿಮ್ಮುಖವಾಗಿ ಯಾಕೆ ಇಳಿದ ಎನ್ನುವುದನ್ನು ತಿಳಿಯಬೇಕು, ಏಕೆಂದರೆ ಇಡೀ ಕಥೆಯ ಕೀಲಿ ಅಲ್ಲೇ ಇದೆ.

ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳು ಕೂಡಿ ಮಂಡಿಚಿಪ್ಪಿನ ಮೇಲೆ ಒಂದಾಗುತ್ತವೆ. ಮಡಚಿದ ಮಂಡಿಯನ್ನು ನೇರ ಮಾಡುವುದು ಇವುಗಳ ಕೆಲಸ. ಹಿಂಭಾಗದ ಮೂರು ಸ್ನಾಯುಗಳು ಮಂಡಿಯನ್ನು ಮಡಚುತ್ತವೆ. ಒಳಬದಿಯವು ತೊಡೆಗಳನ್ನು ಹತ್ತಿರ ಎಳೆಯುತ್ತವೆ. ಮೆಟ್ಟಿಲು ಏರುವಾಗ ಮುಂದಿನ ನಾಲ್ಕೂ ಮೊಟಕಾಗುತ್ತ ಮೈಯನ್ನು ಮೇಲಕ್ಕೆತ್ತುತ್ತವೆ. ಇಳಿಯುವಾಗ ಅವು ಸುಮ್ಮನಿರುತ್ತವೆ ಎಂದು ತೋರಬಹುದು. ಹಾಗಿಲ್ಲ. ಮೈಭಾರವೆಲ್ಲ ಬಾಗಿದ ಒಂದು ಮಂಡಿಯ ಮೇಲೆ ಬೀಳುತ್ತದೆ. ಮಂಡಿ ಕುಸಿಯದಂತೆ ಅದೇ ಸ್ನಾಯುಗಳು ಬಿಗಿ ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಉದ್ದವಾಗುತ್ತ ಹೋಗಬೇಕು. ಬಾವಿಗೆ ಕೊಡ ಇಳಿಬಿಡುವವರು ಹಗ್ಗವನ್ನು ಬಿಗಿಹಿಡಿದೇ ಸಡಿಲಿಸುತ್ತಾರಲ್ಲ, ಹಾಗೆ. ಅಂಗೈ ಸುಲಿಯುವುದು ಆಗಲೇ. ಹಿಮ್ಮುಖವಾಗಿ ಇಳಿದರೆ ಮೈಯನ್ನು ಮುಂದಕ್ಕೆ ಬಾಗಿಸಬಹುದು, ಭಾರದ ಒಂದಷ್ಟು ಪಾಲು ಸೊಂಟಕ್ಕೂ ಕೈಗೂ ಹಂಚಿಹೋಗುತ್ತದೆ. ಮ್ಯಾರಥಾನ್ ಓಡಿದವರು ಮರುದಿನ ಮನೆಯ ಮೆಟ್ಟಿಲನ್ನು ಹೀಗೇ ಇಳಿಯುತ್ತಾರೆ. ಅದನ್ನು ಯಾರೂ ಯಾರಿಗೂ ಕಲಿಸಿರುವುದಿಲ್ಲ.

ದಣಿವು ಬೇರೆ, ಈ ತಡವಾಗಿ ಬರುವ ನೋವು ಬೇರೆ ಎಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡೋರ್ ಹಫ್ 1902ರಲ್ಲೇ ಗುರುತಿಸಿದ್ದ. ಸ್ನಾಯುವಿನ ಒಳಗೆ ಎಲ್ಲೋ ಹರಿದಿರಬೇಕು ಎಂಬುದು ಅವನ ಊಹೆ. ಆ ಊಹೆ ಹಿಂದೆ ಸರಿದು ಬೇರೊಂದು ವಿವರಣೆ ಎಲ್ಲರ ಬಾಯಿಗೆ ಬಂತು: ಲ್ಯಾಕ್ಟಿಕ್ ಆಮ್ಲ. 1907ರಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಎಂಬ ವಿಜ್ಞಾನಿಗಳು ದಣಿದ ಕಪ್ಪೆ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುವುದನ್ನು ತೋರಿಸಿದರು. ಸ್ನಾಯುವಿನ ಶಾಖ ಮತ್ತು ಲ್ಯಾಕ್ಟಿಕ್ ಆಮ್ಲದ ಮೇಲಿನ ಕೆಲಸಕ್ಕೆ ಹಿಲ್ ಮತ್ತು ಮೇಯರ್‌ಹಾಫ್ 1922ರ ನೊಬೆಲ್ ಹಂಚಿಕೊಂಡರು. ಅಲ್ಲಿಂದ ಮುಂದೆ ಆಟದ ಮೈದಾನದ ಮೇಷ್ಟ್ರುಗಳಿಂದ ಹಿಡಿದು ಜಿಮ್ಮಿನ ಹುಡುಗರವರೆಗೆ ಎಲ್ಲರೂ ನೋವಿಗೆ ಈ ಆಮ್ಲವನ್ನೇ ದೂರಿದರು, ಈಗಲೂ ದೂರುತ್ತಾರೆ. ಲೆಕ್ಕ ಮಾತ್ರ ಕೂಡುವುದಿಲ್ಲ. ಕೆಲಸ ನಿಲ್ಲಿಸಿದ ಒಂದೆರಡು ತಾಸಿನಲ್ಲಿ ರಕ್ತದಲ್ಲಿ ಲ್ಯಾಕ್ಟೇಟ್ ರೂಪದಲ್ಲಿರುವ ಆ ಆಮ್ಲ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ನೋವು ಬರುವುದು ಮರುದಿನ, ಏರುವುದು ಎರಡು ಮೂರನೆಯ ದಿನ. ಬೀಗರು ಊರು ಸೇರಿ ಎರಡು ದಿನವಾದ ಮೇಲೆ ಮನೆಯಲ್ಲಿ ಜಗಳವೆದ್ದರೆ ಅವರನ್ನು ದೂರಿ ಫಲವೇನು?

ಈ ಸಂಶಯವನ್ನು 1983ರಲ್ಲಿ ಶ್ವೇನ್ ಮತ್ತು ಜೊತೆಗಾರರು ಒಂದು ಸರಳ ಪ್ರಯೋಗದಿಂದ ಬಗೆಹರಿಸಿದರು. ಅದೇ ಜನರನ್ನು ಒಮ್ಮೆ ಸಮತಟ್ಟಾದ ಟ್ರೆಡ್‌ಮಿಲ್ಲಿನ ಮೇಲೆ, ಇನ್ನೊಮ್ಮೆ ಶೇ 10ರ ಇಳಿಜಾರಿನಲ್ಲಿ 45 ನಿಮಿಷ ಓಡಿಸಿದರು. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಲ್ಯಾಕ್ಟೇಟ್ ಏರಲಿಲ್ಲ, ನೋವು ಬಂತು. ಅದಕ್ಕೂ ಎರಡು ವರ್ಷ ಮೊದಲು ಸ್ವೀಡನ್ನಿನ ಫ್ರೀಡೆನ್ ಮತ್ತವರ ಸಂಗಡಿಗರು ಮೆಟ್ಟಿಲುಗಳನ್ನು ಮತ್ತೆ ಮತ್ತೆ ಓಡಿ ಇಳಿದವರ ಕಾಲಿನ ಸ್ನಾಯುವಿನಿಂದ ಚೂರು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಸ್ನಾಯುವಿನ ಎಳೆಯೊಳಗೆ ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲಿನಷ್ಟು ಪುಟ್ಟ ಅಂಕಣಗಳು ಸಾಲಾಗಿ ಇರುತ್ತವೆ; ಅವುಗಳ ನಡುವಿನ ಗೆರೆ ಆರೋಗ್ಯವಂತ ಸ್ನಾಯುವಿನಲ್ಲಿ ಇಳಕಲ್ ಸೀರೆಯ ದಡಿಯಂತೆ ನೇರವಾಗಿರುತ್ತದೆ. ಮೆಟ್ಟಿಲು ಇಳಿದವರಲ್ಲಿ ಆ ಗೆರೆಗಳು ಅಲ್ಲಲ್ಲಿ ಒಡೆದು, ಚದುರಿ, ಹರಡಿಹೋಗಿದ್ದವು. ಎಂಬತ್ತು ವರ್ಷಗಳ ನಂತರ ಹಫ್‌ನ ಊಹೆಗೆ ಸಾಕ್ಷಿ ಸಿಕ್ಕಿತ್ತು.

ಹರಿದದ್ದು ಮೊದಲ ದಿನವೇ. ಹಾಗಿದ್ದರೆ ನೋವು ಮೂರನೆಯ ದಿನಕ್ಕೆ ಕಾದದ್ದು ಯಾಕೆ? ಇಲ್ಲಿಯೇ ಉರಿಯೂತದ ಪ್ರವೇಶ. ಹರಿದ ಎಳೆಯಿಂದ ಒಳಗಿನ ವಸ್ತುಗಳು ಹೊರಗೆ ಸೋರುತ್ತವೆ. ಆ ಸುಳಿವು ಹಿಡಿದು ಕೆಲವೇ ತಾಸಿನಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಬರುತ್ತವೆ. ಒಂದೆರಡು ದಿನದಲ್ಲಿ ಮ್ಯಾಕ್ರೊಫೇಜ್‌ಗಳು ಬಂದು ಮುರಿದ ಚೂರುಗಳನ್ನು ನುಂಗುತ್ತವೆ. ರಕ್ತನಾಳಗಳ ಗೋಡೆ ಸಡಿಲವಾಗಿ ನೀರು ಒಸರುತ್ತದೆ, ತೊಡೆ ಬಾತು ಬಿಗಿಯುತ್ತದೆ. ಜೊತೆಗೆ ಬಿಡುಗಡೆಯಾದ ರಾಸಾಯನಿಕಗಳು ನೋವಿನ ನರತುದಿಗಳನ್ನು ಎಷ್ಟು ಸೂಕ್ಷ್ಮ ಮಾಡುತ್ತವೆಂದರೆ, ಮೊನ್ನೆ ಗಮನಕ್ಕೂ ಬಾರದ ಒತ್ತಡ ಇಂದು ಮುಖ ಕಿವುಚುವಂತೆ ಮಾಡುತ್ತದೆ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆಲ್ಸಸ್ ಉರಿಯೂತಕ್ಕೆ ನಾಲ್ಕು ಲಕ್ಷಣ ಬರೆದಿಟ್ಟ: ಕೆಂಪು, ಬಾವು, ಬಿಸಿ, ನೋವು. ತೊಡೆಯ ಸ್ನಾಯು ಚರ್ಮದಿಂದ ಬಲು ಆಳದಲ್ಲಿರುವುದರಿಂದ ಕೆಂಪು ಕಾಣಿಸುವುದು ವಿರಳ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನುಂಗುವ ಕೆಲಸ ಮುಗಿಸಿದ ಮ್ಯಾಕ್ರೊಫೇಜ್‌ಗಳು ಆಮೇಲೆ ಗುಣ ಬದಲಿಸುತ್ತವೆ. ಕೆಡವುವ ಗೌಂಡಿಯೇ ಕಟ್ಟುವ ಗೌಂಡಿಯಾದಂತೆ, ಅವು ಹೊರಡಿಸುವ ಸಂಕೇತಗಳು ಸ್ನಾಯು ಎಳೆಯ ಪಕ್ಕದಲ್ಲಿ ಮಲಗಿರುವ ಉಪಕೋಶಗಳನ್ನು ಎಬ್ಬಿಸುತ್ತವೆ. ಅಲೆಕ್ಸಾಂಡರ್ ಮೌರೊ 1961ರಲ್ಲಿ ಕಪ್ಪೆಯ ಸ್ನಾಯುವಿನಲ್ಲಿ ಕಂಡುಹಿಡಿದ ಕೋಶಗಳಿವು. ಅವು ಎದ್ದು, ಇಮ್ಮಡಿಯಾಗಿ, ಹರಿದ ಎಳೆಯೊಂದಿಗೆ ಬೆಸೆದುಕೊಳ್ಳುತ್ತವೆ. ಪ್ರಾಣಿಗಳಲ್ಲಿ ಮ್ಯಾಕ್ರೊಫೇಜ್‌ಗಳನ್ನು ಬರಗೊಡದೆ ತಡೆದರೆ ಸ್ನಾಯು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಅಂದರೆ ಮೂರನೆಯ ದಿನದ ಬಾವು ದುರಸ್ತಿಯ ಗದ್ದಲ. ಅದನ್ನು ಪೂರ್ತಿ ಅಡಗಿಸಬೇಕೇ ಎಂಬ ಪ್ರಶ್ನೆ ವೈದ್ಯರನ್ನು ಕಾಡತೊಡಗಿದ್ದು ಇತ್ತೀಚೆಗೆ.

ಅದಕ್ಕೊಂದು ಒಳ್ಳೆಯ ಉದಾಹರಣೆ ಐಸ್. ಪೆಟ್ಟಾದ ಕೂಡಲೇ ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರಕ್ಕಿಡುವುದು ಎಂಬ ಸೂತ್ರವನ್ನು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 1978ರಲ್ಲಿ ತನ್ನ ಪುಸ್ತಕದಲ್ಲಿ ಕೊಟ್ಟ. ಜಗತ್ತೆಲ್ಲ ಅದನ್ನೇ ಪಾಲಿಸಿತು. 2014ರಲ್ಲಿ ಅದೇ ಮಿರ್ಕಿನ್, ಐಸೂ ಸಂಪೂರ್ಣ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದು ಎಂದು ಬರೆದ. ತಾನೇ ಹೇಳಿದ್ದನ್ನು ತಾನೇ ತಿದ್ದಿಕೊಳ್ಳುವ ಧೈರ್ಯ ವೈದ್ಯರಲ್ಲಿ ಅಪರೂಪ. ಅವನ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆಗಲೇ. ಐಸ್ ನೋವನ್ನು ತಗ್ಗಿಸುತ್ತದೆ ಎನ್ನುವುದೇನೋ ನಿಜ. ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟುಕೊಂಡರೆ ತಪ್ಪಿಲ್ಲ. ಅದರಿಂದ ಬೇಗ ವಾಸಿಯಾಗುತ್ತದೆ ಎಂದುಕೊಳ್ಳಬಾರದು, ಅಷ್ಟೆ.

ನಮ್ಮ ಹುಡುಗನಿಗೆ ನಿಜಕ್ಕೂ ಬೇಕಾದದ್ದು ಸಣ್ಣ ಚಲನೆ. ಹಾಸಿಗೆ ಹಿಡಿದರೆ ಬಿಗಿತ ಹೆಚ್ಚುತ್ತದೆ. ಸಮತಟ್ಟು ನೆಲದಲ್ಲಿ ನಿಧಾನ ನಡೆದರೆ ಕೊಂಚ ಹೊತ್ತು ನೋವು ಸಡಿಲವಾಗುತ್ತದೆ. ಬಿಸಿನೀರಿನ ಸ್ನಾನ, ಸಾಕಷ್ಟು ನೀರು, ಬೇಳೆ, ಮೊಟ್ಟೆ, ನಿದ್ದೆ. ಎರಡು ಮೂರು ದಿನ ಇಳಿಸುವ ಕೆಲಸದ ಬದಲು ನೆಲದ ಮೇಲಿನ ಕೆಲಸ. ವಾರದೊಳಗೆ ನೋವು ತಾನಾಗಿಯೇ ಹೋಗುತ್ತದೆ. ಸ್ನಾಯುವಿನ ಬಲ ಮಾತ್ರ ನೋವು ಹೋದ ಮೇಲೂ ಕೆಲವು ದಿನ ಕಡಿಮೆಯೇ ಇರುತ್ತದೆ. ನೋವಿಲ್ಲವೆಂದು ಮೊದಲಿನಷ್ಟೇ ಭಾರ ಹೊತ್ತು ಮಂಡಿ ಕುಸಿದು ಬೀಳುವುದು ಆ ದಿನಗಳಲ್ಲೇ.

ಇನ್ನು ಗುಳಗಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ತಯಾರಿಕೆಯನ್ನು ತಡೆಯುತ್ತವೆ. ಆಸ್ಪಿರಿನ್ ಈ ದಾರಿಯಲ್ಲಿ ಕೆಲಸ ಮಾಡುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿ, 1982ರಲ್ಲಿ ನೊಬೆಲ್ ಹಂಚಿಕೊಂಡ. ನೋವನ್ನು ಹೆಚ್ಚಿಸುವ ಅದೇ ಪ್ರೊಸ್ಟಗ್ಲಾಂಡಿನ್ ಹೊಟ್ಟೆಯ ಒಳಪದರವನ್ನು ಕಾಯುತ್ತದೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ರಕ್ತ ಹರಿಯುವಂತೆಯೂ ನೋಡಿಕೊಳ್ಳುತ್ತದೆ. ತಗಡಿನ ಚಾವಣಿಯ ಗೋದಾಮಿನಲ್ಲಿ, ಏಪ್ರಿಲ್ ಬಿಸಿಲಲ್ಲಿ, ಬೆವರಿ ಒಣಗಿದವನು ಬರಿಹೊಟ್ಟೆಯಲ್ಲಿ ಈ ಗುಳಗಿ ನುಂಗಿ ಮತ್ತೆ ಚೀಲ ಹೊರಲು ಹೋದರೆ ಆ ಕಾವಲು ತಪ್ಪುತ್ತದೆ. ಡೈಕ್ಲೋಫೆನಾಕ್ ಹದ್ದುಗಳಿಗೆ ಏನು ಮಾಡಿತೆಂದು ನಮಗೆ ಗೊತ್ತು. ಅದನ್ನು ಕೊಟ್ಟಿದ್ದ ದನಗಳ ಹೆಣ ತಿಂದು, ಮೂತ್ರಪಿಂಡ ಕೆಟ್ಟು, ಭಾರತದ ರಣಹದ್ದುಗಳು ಹೆಚ್ಚುಕಡಿಮೆ ಅಳಿದೇ ಹೋದವು. ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಬೇಕಾಯಿತು. ಉಳಿದ ಕೆಲವಕ್ಕಾಗಿ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಮನುಷ್ಯ ಹದ್ದಿನಷ್ಟು ನಾಜೂಕಲ್ಲ, ಆದರೆ ಅವನ ಮೂತ್ರಪಿಂಡಕ್ಕೂ ತಾಳ್ಮೆಯ ಮಿತಿಯಿದೆ. ನಿದ್ದೆಗೆಡಿಸುವಷ್ಟು ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು.

ತಿಕ್ಕುವ ವಿಷಯಕ್ಕೆ ಬರೋಣ. ಹಗುರವಾಗಿ ಎಣ್ಣೆ ಸವರಿದರೆ ಹಿತ, ತಡವಾಗಿ ಬರುವ ನೋವು ಸ್ವಲ್ಪ ತಗ್ಗುವುದೂ ಉಂಟು. ಮಾವನ "ಜೋರಾಗಿ" ಎಂಬ ಮಾತೇ ತೊಂದರೆಯದು. ಕಬಡ್ಡಿಯಲ್ಲಿ ಎದುರಾಳಿಯ ಮಂಡಿ ತೊಡೆಗೆ ಬಡಿದಾಗ, ಅಥವಾ ಡ್ರಮ್ಮು ಉರುಳಿ ಬಡಿದಾಗ, ಸ್ನಾಯುವಿನೊಳಗೆ ರಕ್ತ ತುಂಬುತ್ತದೆ. ಆ ಗಡ್ಡೆಯನ್ನು ಕರಗಿಸುತ್ತೇನೆಂದು ಯಾರಾದರೂ ಬಲವಾಗಿ ತಿಕ್ಕಿ ಎಳೆದರೆ ಕೆಲವರಲ್ಲಿ ವಿಚಿತ್ರವೊಂದು ನಡೆಯುತ್ತದೆ: ಕೆಲವು ವಾರಗಳಲ್ಲಿ ಆ ಜಾಗದಲ್ಲಿ ಮೂಳೆ ಬೆಳೆಯುತ್ತದೆ. ಸ್ನಾಯುವಿನ ನಡುವೆ ನಿಜವಾದ ಮೂಳೆ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುವಂಥದ್ದು. ಮಂಡಿ ಪೂರ್ತಿ ಮಡಚಲಾಗುವುದಿಲ್ಲ, ಚಕ್ಕಳಮಕ್ಕಳ ಹಾಕಿ ಕೂರಲಾಗುವುದಿಲ್ಲ. ಅಂಥ ಪೆಟ್ಟಿಗೆ ಮೊದಲ ದಿನ ಮಂಡಿಯನ್ನು ನೋವಿಲ್ಲದಷ್ಟು ಮಡಚಿ ಕಟ್ಟಿಟ್ಟರೆ ಬಿಗಿತ ಕಡಿಮೆಯಾಗುತ್ತದೆ ಎಂಬುದು ಕ್ರೀಡಾವೈದ್ಯರ ಅನುಭವ. ತಿಕ್ಕುವ ಕೈಗಳನ್ನು ಒಂದೆರಡು ವಾರ ದೂರವಿಡಬೇಕು.

ಇಲ್ಲಿಯವರೆಗೆ ಹೇಳಿದ್ದೆಲ್ಲ ತಾನಾಗಿಯೇ ಹೋಗುವ ನೋವಿನ ಮಾತು. ಹೋಗದಿರುವ, ಕಾಯಬಾರದ ನೋವುಗಳೂ ಇದೇ ತೊಡೆಗೆ ಬರುತ್ತವೆ, ಇದೇ ವೇಷದಲ್ಲಿ.

ಮೊದಲನೆಯದು ಜಜ್ಜಿದ ಸ್ನಾಯುವಿನದು. 1940–41ರಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ, ಕುಸಿದ ಮನೆಗಳ ಅಡಿಯಲ್ಲಿ ಕಾಲು ಸಿಕ್ಕಿಕೊಂಡು ತಾಸುಗಟ್ಟಲೆ ಬಿದ್ದಿದ್ದವರನ್ನು ಜೀವಂತ ಎತ್ತಿ ತರಲಾಗುತ್ತಿತ್ತು. ಮೊದಲು ಚೇತರಿಸಿಕೊಂಡಂತೆ ಕಂಡ ಕೆಲವರು ಕೆಲವು ದಿನಗಳಲ್ಲಿ ಮೂತ್ರ ನಿಂತು ಸತ್ತರು. ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ಅಂಥ ನಾಲ್ವರ ವಿವರ ಪ್ರಕಟಿಸಿದರು. ಜಜ್ಜಿದ ಸ್ನಾಯುವಿನಿಂದ ಮಯೊಗ್ಲೋಬಿನ್, ಅಂದರೆ ಮಾಂಸಕ್ಕೆ ಕೆಂಬಣ್ಣ ಕೊಡುವ ವಸ್ತು, ರಕ್ತಕ್ಕೆ ಸೋರಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ ಎಂಬುದು ಆಮೇಲೆ ಸ್ಪಷ್ಟವಾಯಿತು. ಇದಕ್ಕೆ ಗೋಡೆಯೇ ಕುಸಿಯಬೇಕಾಗಿಲ್ಲ. ಅಭ್ಯಾಸವಿಲ್ಲದವನಿಗೆ ಶಿಕ್ಷೆಯೆಂದು ನೂರಾರು ಬಸ್ಕಿ ಹೊಡೆಸಿದರೆ ಸಾಕು. ಬಸ್ಕಿಯಲ್ಲಿ ಕೆಳಗಿಳಿಯುವ ಪಾಲು ಮೆಟ್ಟಿಲಿಳಿಯುವುದರಂಥದ್ದೇ, ಅದಕ್ಕಿಂತ ಆಳವಾದದ್ದು. ಸೆಕೆ, ಬಾಯಾರಿಕೆ, ಜ್ವರ, ಸಾರಾಯಿ ಜೊತೆಯಾದರೆ ಅಪಾಯ ಹೆಚ್ಚು. ಗುರುತು ಸರಳ: ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ ಅಥವಾ ತೀರಾ ಕಡಿಮೆಯಾಗುತ್ತದೆ, ತೊಡೆ ಕಲ್ಲಿನಂತೆ ಬಾತಿರುತ್ತದೆ. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಸಾಮಾನ್ಯವಾಗಿ ಒಂದೆರಡು ನೂರರ ಆಸುಪಾಸಿನಲ್ಲಿರುವುದು ಸಾವಿರಗಳಿಗೆ, ಹತ್ತಾರು ಸಾವಿರಗಳಿಗೆ ಏರುತ್ತದೆ. ಆಗ ಬೇಕಾದದ್ದು ಆಸ್ಪತ್ರೆ ಮತ್ತು ಸಲೈನ್, ಅದೂ ಅದೇ ದಿನ.

ಎರಡನೆಯದು ಕೀವು. ಸ್ಟ್ಯಾಫಿಲೊಕಾಕಸ್ ಎಂಬ ಸೂಕ್ಷ್ಮಜೀವಿ ರಕ್ತದಲ್ಲಿ ತೇಲಿ ಬಂದು ದೊಡ್ಡ ಸ್ನಾಯುವೊಂದರಲ್ಲಿ ಗೂಡು ಕಟ್ಟುತ್ತದೆ. ಹೆಚ್ಚಾಗಿ ಅದು ಆರಿಸಿಕೊಳ್ಳುವುದು ತೊಡೆಯನ್ನೇ. ಉಷ್ಣ ದೇಶಗಳಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು, ಗಟ್ಟಿಮುಟ್ಟಾದ ಯುವಕರನ್ನೂ ಬಿಡುವುದಿಲ್ಲ. ಎಲ್ಲೋ ಸಣ್ಣ ಉಳುಕು ಆದ ಜಾಗವೇ ಅದಕ್ಕೆ ಅನುಕೂಲ, ಹಾಗಾಗಿ ರೋಗಿಯೂ ಉಳುಕೆಂದೇ ನಂಬಿರುತ್ತಾನೆ. ಮೊದಲ ವಾರದಲ್ಲಿ ಆಳದ ನೋವು, ಕಟ್ಟಿಗೆಯಂಥ ಗಡಸು, ಬಿಟ್ಟುಬಿಡದ ಜ್ವರ. ಚರ್ಮ ಮಾತ್ರ ಎಂದಿನಂತೆ ಇರುತ್ತದೆ. ಸೆಲ್ಸಸ್‌ನ ಕೆಂಪು ಇಲ್ಲಿ ಕಾಣಿಸುವುದು ವಿರಳ ಎಂಬುದು ನೆನಪಿರಲಿ ಎಂದದ್ದು ಇದಕ್ಕೇ. ಕೆಲಸದ ನೋವು ಎರಡೂ ತೊಡೆಗೆ ಬರುತ್ತದೆ, ಮೂರನೆಯ ದಿನ ಕಳೆದ ಮೇಲೆ ದಿನದಿಂದ ದಿನಕ್ಕೆ ಇಳಿಯುತ್ತದೆ, ಜ್ವರ ತರುವುದಿಲ್ಲ. ಒಂದೇ ತೊಡೆ, ಏರುವ ನೋವು, ಜ್ವರ ಮೂರೂ ಕೂಡಿದರೆ ಅಲ್ಟ್ರಾಸೌಂಡ್ ಮಾಡಿಸಬೇಕು, ಆಂಟಿಬಯಾಟಿಕ್ ಬೇಕು, ಕೀವು ಕೂಡಿದ್ದರೆ ಹೊರತೆಗೆಯಬೇಕು. ಇದಕ್ಕೆ ಶಾಖ ಕೊಟ್ಟು ತಿಕ್ಕುತ್ತ ಎರಡು ವಾರ ಕಳೆದವರು ರಕ್ತವೆಲ್ಲ ನಂಜಾದ ಮೇಲೆ ಆಸ್ಪತ್ರೆ ತಲುಪುತ್ತಾರೆ.

ಮೂರನೆಯದರಲ್ಲಿ ನೋವು ಅಷ್ಟಾಗಿ ಇರುವುದೇ ಇಲ್ಲ. ಮೈಯ ರಕ್ಷಣಾ ಪಡೆ ತನ್ನದೇ ಸ್ನಾಯುವಿನ ಮೇಲೆ ತಿರುಗಿ ಬೀಳುವ ಈ ಕಾಯಿಲೆ ವಾರಗಳು, ತಿಂಗಳುಗಳಲ್ಲಿ ನಿಧಾನವಾಗಿ ಬಲ ಕಸಿಯುತ್ತದೆ. ನೆಲದ ಮೇಲೆ ಕೂತು ಉಣ್ಣುವ ನಮ್ಮಂಥವರಿಗೆ ಅದು ಬೇಗ ಗೊತ್ತಾಗಬೇಕು: ಪಂಕ್ತಿಯಿಂದ ಏಳಲು ಪಕ್ಕದವರ ಹೆಗಲು ಬೇಕಾಗುತ್ತದೆ, ಬಸ್ಸಿನ ಮೊದಲ ಮೆಟ್ಟಿಲು ಎತ್ತರವೆನಿಸುತ್ತದೆ, ತಲೆ ಬಾಚಲು ಕೈ ಏಳುವುದಿಲ್ಲ. ಕೆಲವರಿಗೆ ಕಣ್ಣರೆಪ್ಪೆಯ ಮೇಲೆ ನೇರಳೆ ಛಾಯೆ, ಬೆರಳ ಗೆಣ್ಣುಗಳ ಮೇಲೆ ಕೆಂಪು ಗಂಟು. "ವಯಸ್ಸಾತು ನೋಡವಾ" ಎಂದು ಸಮಾಧಾನ ಹೇಳಿ ಕೂರಿಸುವುದು ಇಂಥವರನ್ನೇ. ರಕ್ತಪರೀಕ್ಷೆ, ತೊಡೆಯ ಎಂಆರ್‌ಐ, ಸ್ನಾಯುವಿನ ಚೂರಿನ ಪರೀಕ್ಷೆಯಿಂದ ಗುರುತಿಸಿ, ಸ್ಟೀರಾಯ್ಡ್ ಮುಂತಾದ ಔಷಧ ಬೇಗ ಶುರುಮಾಡಿದರೆ ಬಹಳ ಜನ ಮತ್ತೆ ಎದ್ದು ಓಡಾಡುತ್ತಾರೆ. ಕೊಲೆಸ್ಟರಾಲಿಗೆ ಸ್ಟ್ಯಾಟಿನ್ ನುಂಗುವವರಲ್ಲಿ ಕೆಲವರಿಗೂ ತೊಡೆ ನೋವು ಬರುವುದುಂಟು. ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ಹೇಳಬೇಕು.

ಕುರಕುಂಭಕ್ಕೆ ಮರಳೋಣ. ಆಷಾಢದ ವಾರಿಯ, ಅಂದರೆ ಕಾಲ್ನಡಿಗೆ ಯಾತ್ರೆಯ, ಹೊತ್ತಿಗೆ ತುಕಾರಾಮರ ಪಾಲಖಿ ಪುಣೆ ಬಿಟ್ಟು ಲೋಣಿ ಕಾಳಭೋರ, ಯವತ, ವರವಂಡಗಳಲ್ಲಿ ತಂಗಿ, ನಾಲ್ಕನೆಯ ದಿನ ಪಾಟಸದಲ್ಲಿ ಹೆದ್ದಾರಿ ಬಿಟ್ಟು ರೋಟಿ ಘಾಟಿನತ್ತ ತಿರುಗುತ್ತದೆ. ಕುರಕುಂಭ ಇನ್ನೂ ಮುಂದೆ ಇರುವಾಗಲೇ ದಾರಿ ಕವಲಾಗುತ್ತದೆ. ಪುಣೆಯಲ್ಲಿ ದಿಂಡಿ ಎಂಬ ಯಾತ್ರಿಕರ ಗುಂಪು ಸೇರಿದ ಹೊಸಬರ ಕಾಲು ಹಿಡಿದುಕೊಳ್ಳುವುದು ಸರಿಯಾಗಿ ಈ ದಿನಗಳಲ್ಲಿ. ಪ್ರತಿ ವರ್ಷ ನಡೆಯುವ ಎಪ್ಪತ್ತರ ಮುದುಕಿ ತಲೆಯ ಮೇಲೆ ತುಳಸಿ ವೃಂದಾವನ ಹೊತ್ತು ಅವರನ್ನು ದಾಟಿ ಹೋಗುತ್ತಾಳೆ. ಭಕ್ತಿಯ ಮಾತು ಬೇರೆ. ಸ್ನಾಯುವಿನ ಮಟ್ಟಿಗೆ ಇದಕ್ಕೊಂದು ಕಾರಣವಿದೆ. ಒಮ್ಮೆ ಹೀಗೆ ಹರಿದು ಕೂಡಿದ ಸ್ನಾಯು ಅದೇ ಕೆಲಸವನ್ನು ಮತ್ತೆ ಎದುರಿಸಿದಾಗ ಬಹಳ ಕಡಿಮೆ ಹರಿಯುತ್ತದೆ. ಒಂದೇ ಸಲದ ಅನುಭವದ ರಕ್ಷಣೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ನೋವು ತಾರದಷ್ಟು ಹಗುರವಾದ ಮೊದಲ ಪಾಠವೂ ಒಂದಿಷ್ಟು ರಕ್ಷಣೆ ಕೊಡುತ್ತದೆ.

ಗರಡಿ ಮನೆಯ ಉಸ್ತಾದರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೋಡಿದವರಲ್ಲ. ಆದರೂ ಹೊಸ ಹುಡುಗನಿಗೆ ಮೊದಲ ದಿನ ಹತ್ತೇ ಬಸ್ಕಿ ಹೇಳಿ, ಇನ್ನಷ್ಟು ಹೊಡೆಯುತ್ತೇನೆಂದರೆ ಗದರಿಸಿ ಕೂರಿಸುತ್ತಾರೆ. ಗುತ್ತೇದಾರನೂ ಹೊಸಬನಿಗೆ ಮೊದಲ ದಿನ ಕಾಲುಪಾಲು ಚೀಲ, ಎರಡು ದಿನ ಬಿಟ್ಟು ಅರ್ಧ ಎಂದು ಹಂಚಿದ್ದರೆ ನಮ್ಮ ಹುಡುಗ ಹಿಮ್ಮುಖ ನಡೆಯಬೇಕಾಗಿರಲಿಲ್ಲ. ಹಾಗೆ ಹಂಚುವ ಗುತ್ತೇದಾರರು ಕಡಿಮೆ. ಹದಿನೈದು ದಿನ ಕಳೆದು ಅದೇ ಅಟ್ಟ, ಅಷ್ಟೇ ಚೀಲ. ಮೂರನೆಯ ದಿನ ಬೆಳಿಗ್ಗೆ ಅವನು ಮೆಟ್ಟಿಲ ತುದಿಯಲ್ಲಿ ಒಂದು ಗಳಿಗೆ ಅನುಮಾನದಿಂದ ನಿಲ್ಲುತ್ತಾನೆ, ತೊಡೆಯನ್ನು ಒತ್ತಿ ನೋಡಿಕೊಳ್ಳುತ್ತಾನೆ. ಆಮೇಲೆ ಮುಖ ಮುಂದೆ ಮಾಡಿ, ಎರಡೆರಡು ಮೆಟ್ಟಿಲು ಒಟ್ಟಿಗೆ ಇಳಿದು ಚಹಾದ ಅಂಗಡಿಗೆ ಹೋಗುತ್ತಾನೆ.